ಕುದುರೆಮುಖ ಸುತ್ತಮುತ್ತ: ಚಾರಣ, ಜಲಪಾತ, ದಾರಿ, ಪರವಾನಗಿ – ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಮಳೆ ಬಿದ್ದರೆ ಸಾಕು, ಕುದುರೆಮುಖದ ಬಗ್ಗೆ ಫೋನ್ ಶುರುವಾಗುತ್ತದೆ. ಎಲ್ಲರಿಗೂ ತುದಿ ಹತ್ತಬೇಕು, ಅದೂ ಶನಿವಾರವೇ ಹತ್ತಬೇಕು. ಆ ತುದಿಯ ಸುತ್ತ 600 ಚದರ ಕಿಲೋಮೀಟರ್ ಕಾಡು, ಹುಲ್ಲುಗಾವಲು, ಹೊಳೆ, ಊರು ಇದೆ ಅನ್ನುವುದು ಅರ್ಧ ಜನರಿಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಕೇಳಿದ ಪ್ರಶ್ನೆಗಳ ಜೊತೆಗೆ ಕೇಳಬೇಕಿದ್ದ ಒಂದೆರಡನ್ನೂ ಸೇರಿಸಿದ್ದೇನೆ.

ಕುದುರೆಮುಖ ಅಂದರೆ ಬೆಟ್ಟವಾ, ಊರಾ, ಕಾಡಾ?

ಮೂರೂ ಹೌದು, ಅದೇ ತೊಂದರೆ. ಬೆಟ್ಟ ಅಂದರೆ 1,894 ಮೀಟರ್ ಎತ್ತರದ ಶಿಖರ. ಊರು ಅಂದರೆ ಕಬ್ಬಿಣದ ಗಣಿ ಕಂಪನಿ ತನ್ನ ನೌಕರರಿಗಾಗಿ ಕಟ್ಟಿದ ಟೌನ್‌ಶಿಪ್. ಹಳಬರು ಅದನ್ನು ಮಲ್ಲೇಶ್ವರ ಅನ್ನುತ್ತಾರೆ. ಕಾಡು ಅಂದರೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅದು ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ಮೂರೂ ಜಿಲ್ಲೆಗಳಲ್ಲಿ ಹರಡಿಕೊಂಡಿದೆ.

ಮ್ಯಾಪಿನಲ್ಲಿ ಸುಮ್ನೆ ‘ಕುದುರೆಮುಖ’ ಅಂತ ಹೊಡೆದು ಹೊರಟರೆ ಟೌನ್‌ಶಿಪ್‌ನ ಖಾಲಿ ಕ್ವಾರ್ಟರ್ಸ್ ಮುಂದೆ ಹೋಗಿ ನಿಲ್ಲುತ್ತೀರಿ. ಶಿಖರದ ಚಾರಣ ಶುರುವಾಗುವುದು ಅಲ್ಲಿಂದಲ್ಲ, ಕಳಸದ ಕಡೆಯ ಸಂಸೆ ಹತ್ತಿರದ ಮುಳ್ಳೋಡಿಯಿಂದ. ಬೆಳಗಿನ ಜಾವ ಆರಕ್ಕೆ ಗೇಟಿನಲ್ಲಿ ಇರಬೇಕಾದವರು ಎಂಟಕ್ಕೆ ಟೌನ್‌ಶಿಪ್‌ನಲ್ಲಿ ದಾರಿ ಕೇಳುತ್ತಾ ನಿಂತಿರುವುದು ಇಲ್ಲಿ ಮಾಮೂಲಿ ದೃಶ್ಯ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ನನ್ನನ್ನು ಕೇಳಿದರೆ ಅಕ್ಟೋಬರ್, ನವೆಂಬರ್. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹೊಳೆಗಳಲ್ಲಿ ನೀರಿರುತ್ತದೆ, ಮಂಜು ಮಧ್ಯೆ ಮಧ್ಯೆ ಸರಿದು ಕಣಿವೆ ಕಾಣಿಸುತ್ತದೆ. ಉಂಬಳವೂ (ರಕ್ತ ಹೀರುವ ಜಿಗಣೆ) ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಫೋಟೋದಲ್ಲಿ ನೀವು ನೋಡಿದ ಆ ಕಡು ಹಸಿರು ಆಗಿನದೇ, ನಿಜ. ಆದರೆ ಜುಲೈ ಮಧ್ಯದಲ್ಲಿ ತುದಿಗೆ ಹೋದರೆ ಎದುರಿಗೆ ಕಾಣುವುದು ಬಿಳಿ ಮಂಜು, ಪಕ್ಕದವರ ರೇನ್‌ಕೋಟು, ಅಷ್ಟೇ. ಬೇಸರ ಮಾಡಿಕೊಳ್ಳದೆ ಮಳೆಯನ್ನೇ ನೋಡಲು ಬರುವವರಾದರೆ ಖಂಡಿತ ಬನ್ನಿ. ‘ವ್ಯೂ’ ಬೇಕು ಅನ್ನುವವರು ಕಾಯುವುದು ವಾಸಿ.

ಡಿಸೆಂಬರ್, ಜನವರಿ ನಡೆಯಲು ಸುಖ. ಬೆಳಿಗ್ಗೆ ಚಳಿ, ಆಕಾಶ ಶುಭ್ರ. ಹುಲ್ಲು ಮಾತ್ರ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಕಾಡ್ಗಿಚ್ಚಿನ ಭಯದಿಂದ ಚಾರಣದ ದಾರಿಗಳನ್ನು ಸಾಮಾನ್ಯವಾಗಿ ಮುಚ್ಚುತ್ತಾರೆ. ಆಗ ಬಂದು ಗೇಟಿನ ಗಾರ್ಡ್ ಹತ್ತಿರ ಜಗಳ ಆಡಬೇಡಿ. ಒಂದು ಬೀಡಿ ತುಂಡಿಗೆ ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ.

ಪರವಾನಗಿ ಎಲ್ಲಿ ಸಿಗುತ್ತದೆ? ಗೇಟಿನಲ್ಲೇ ಕೊಡುತ್ತಾರಾ?

ಗೇಟಿನಲ್ಲೇ ದುಡ್ಡು ಕಟ್ಟಿ ಹತ್ತುವ ಕಾಲ ಮುಗಿಯಿತು ಅಂದುಕೊಂಡೇ ಹೊರಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ವಿಡಿಯೋ ನೋಡಿದ್ದೀರಲ್ಲ? ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ‘ಅರಣ್ಯ ವಿಹಾರ’ ಅನ್ನುವ ಇಲಾಖೆಯ ಜಾಲತಾಣದಲ್ಲಿ ದಿನ ಆರಿಸಿಕೊಂಡು, ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ತುಂಬಿ, ಹಣ ಕಟ್ಟಬೇಕು. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ. ಮಳೆಗಾಲದ ಶನಿವಾರ, ಭಾನುವಾರದ ಜಾಗ ಬಹಳ ಬೇಗ ಖಾಲಿಯಾಗುತ್ತದೆ. ಮಂಗಳವಾರವೋ ಬುಧವಾರವೋ ನೋಡಿ, ಆರಾಮಾಗಿ ಸಿಗುತ್ತದೆ.

ಶುಲ್ಕ ಆಗಾಗ ಬದಲಾಗುತ್ತದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಬುಕಿಂಗ್‌ನಲ್ಲಿ ಯಾವ ಗುರುತಿನ ಚೀಟಿ ಕೊಟ್ಟಿದ್ದೀರೋ ಅದನ್ನೇ ತನ್ನಿ. ಸ್ನೇಹಿತನ ಹೆಸರಲ್ಲಿ ಇದ್ದ ಟಿಕೆಟ್‌ನಲ್ಲಿ ನಿಮ್ಮನ್ನು ಬಿಡುವುದಿಲ್ಲ.

‘ನಾವು ಪರ್ಮಿಷನ್ ಮಾಡಿಸಿಕೊಡುತ್ತೇವೆ’ ಅಂತ ಇನ್‌ಸ್ಟಾಗ್ರಾಂನಲ್ಲಿ ಹೇಳುತ್ತಾರೆ, ನಂಬಬಹುದಾ?

ಟಿಕೆಟ್ ಪ್ರತಿಯನ್ನು ಮೊದಲೇ ಕೇಳಿ. ನಿಮ್ಮ ಹೆಸರು, ನಿಮ್ಮ ದಿನಾಂಕ, ನಿಮ್ಮ ದಾರಿ ಅದರಲ್ಲಿ ಇದೆಯಾ ನೋಡಿ. ಕುದುರೆಮುಖ ಅಂತ ಹೇಳಿ ಬೇರೆ ಗುಡ್ಡಕ್ಕೆ ಕರೆದುಕೊಂಡು ಹೋಗುವುದು ಇದೆ. ಕಾಡಿನ ಕಳ್ಳದಾರಿಯಲ್ಲಿ ನುಗ್ಗಿಸುವವರೂ ಇದ್ದಾರೆ. ಸಿಕ್ಕಿಬಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು ಬೀಳುವುದು ನಿಮ್ಮ ಮೇಲೂ.

ಶಿಖರದ ದಾರಿ ಹೇಗಿದೆ? ಕಷ್ಟವಾ?

ಹೋಗಿ ಬರಲು ಸುಮಾರು 20 ಕಿಲೋಮೀಟರ್. ಗೋಡೆ ಹತ್ತಿದಂಥ ಕಡಿದಾದ ಜಾಗ ಜಾಸ್ತಿ ಇಲ್ಲ, ಆದರೆ ದಾರಿ ಉದ್ದ. ಬೆಳಿಗ್ಗೆ ಹೊರಟರೆ ವಾಪಸ್ ಬರುವಾಗ ಸಂಜೆಯಾಗುತ್ತದೆ.

ಸಂಸೆ, ಬಾಳೆಗಲ್ ಕಡೆಯಿಂದ ಮುಳ್ಳೋಡಿಗೆ ಹೋಗುವ ರಸ್ತೆ ಕಾರಿಗೆ ಆಗುವಂಥದ್ದಲ್ಲ. ಜೀಪ್ ಮಾಡಿಕೊಳ್ಳಲೇಬೇಕು. ಆ ಜೀಪಿನಲ್ಲಿ ಬೆನ್ನು ಒಂದು ಸಲ ಕುಲುಕಿದ ಮೇಲೆ ಚಾರಣವೇ ಸುಲಭ ಅನಿಸುತ್ತದೆ. ಮುಳ್ಳೋಡಿಯಿಂದ ಶುರುವಿನ ದಾರಿ ಮನೆ, ತೋಟ, ಗದ್ದೆಗಳ ಅಂಚಿನಲ್ಲಿ ಸಾಗುತ್ತದೆ. ಆಮೇಲೆ ಕಾಡು, ಮಧ್ಯೆ ಮಧ್ಯೆ ಹಳ್ಳ. ಮಳೆಗಾಲದಲ್ಲಿ ಈ ಹಳ್ಳಗಳೇ ದಾರಿಯ ನಿಜವಾದ ಕಷ್ಟ. ಬೆಳಿಗ್ಗೆ ಹಿಮ್ಮಡಿ ಮುಳುಗುವಷ್ಟಿದ್ದ ನೀರು ಮಧ್ಯಾಹ್ನದ ಒಂದು ಜೋರು ಮಳೆಗೆ ಮೊಣಕಾಲು ದಾಟುತ್ತದೆ. ಗೈಡ್ ‘ಸ್ವಲ್ಪ ನಿಲ್ಲಿ’ ಅಂದರೆ ನಿಲ್ಲಿ. ಸಣ್ಣ ಹಳ್ಳ ಅಂದುಕೊಂಡು ಹಾರಲು ಹೋಗಬೇಡಿ.

ಕಾಡು ಮುಗಿದು ಬಯಲಿಗೆ ಬಂದರೆ ಒಂಟಿಮರ. ಹೆಸರಿಗೆ ತಕ್ಕ ಹಾಗೆ ಇಳಿಜಾರಿನಲ್ಲಿ ಒಂದೇ ಒಂದು ಮರ. ಎಲ್ಲರೂ ಇಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಇಲ್ಲಿಂದ ಮುಂದೆ ಹುಲ್ಲಿನ ಏಣುಗಳ, ಅಂದರೆ ಗುಡ್ಡದ ಬೆನ್ನುಗಳ ಮೇಲೆ ನಡಿಗೆ. ಗಾಳಿ ಎಷ್ಟು ಬೀಸುತ್ತದೆ ಅಂದರೆ ಛತ್ರಿ ತಂದವರು ಅದನ್ನು ಮಡಚಿ ಚೀಲಕ್ಕೆ ತುರುಕುತ್ತಾರೆ. ಕೊನೆಯ ಏರು ಸ್ವಲ್ಪ ಜೀವ ತಿನ್ನುತ್ತದೆ. ಕೆಂಪು ಮಣ್ಣು ನೆನೆದು ಸೋಪಿನ ಹಾಗಿರುತ್ತದೆ. ಹತ್ತುವಾಗಲ್ಲ, ಇಳಿಯುವಾಗ ಬೀಳುವವರೇ ಜಾಸ್ತಿ.

ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುವವರು ಮಾಡಬಹುದು. ಮೊಣಕಾಲು ನೋವಿದ್ದರೆ ಬೇಡ. ಮಧ್ಯದಲ್ಲಿ ನಿಂತರೆ ಕರೆತರಲು ಯಾವ ವಾಹನವೂ ಬರುವುದಿಲ್ಲ.

ತುದಿಯಿಂದ ಸಮುದ್ರ ಕಾಣುತ್ತದಾ?

ಆಕಾಶ ತೀರಾ ಶುಭ್ರವಾಗಿದ್ದರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಗೆರೆ ಕಾಣುತ್ತದೆ. ಮಳೆಗಾಲದಲ್ಲಿ ಆಸೆ ಬಿಡಿ.

ಗೈಡ್ ಬೇಕೇಬೇಕಾ? ದಾರಿ ಕಾಣುತ್ತದಲ್ವಾ?

ದಾರಿ ಕಾಣುತ್ತದೆ, ಮಂಜು ಬರುವವರೆಗೆ. ಆಮೇಲೆ ದನ ನಡೆದ ದಾರಿ, ಕಾಟಿ (ಕಾಡುಕೋಣ) ನಡೆದ ದಾರಿ, ಜನ ನಡೆದ ದಾರಿ ಎಲ್ಲವೂ ಒಂದೇ ಥರ ಕಾಣುತ್ತದೆ. ಅದಿರಲಿ, ನಿಯಮದ ಪ್ರಕಾರವೂ ಗೈಡ್ ಕಡ್ಡಾಯ. ಗೈಡ್‌ಗಳು ಸುತ್ತಲಿನ ಊರಿನವರೇ. ‘ಇನ್ನೆಷ್ಟು ದೂರ’ ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳುವ ಬದಲು, ಯಾವ ಹಕ್ಕಿ ಕೂಗಿತು, ಈ ಹೆಜ್ಜೆ ಯಾವುದರದ್ದು ಅಂತ ಕೇಳಿ ನೋಡಿ. ಆಮೇಲೆ ಅವರ ಮಾತು ನಿಲ್ಲುವುದಿಲ್ಲ.

ಶಿಖರಕ್ಕೆ ಟಿಕೆಟ್ ಸಿಗಲಿಲ್ಲ. ಬೇರೆ ಯಾವ ದಾರಿ ಇದೆ?

ಟಿಕೆಟ್ ಸಿಗದಿದ್ದದ್ದು ಒಳ್ಳೆಯದೇ ಆಯಿತು ಅನ್ನಬಹುದಾದ ದಾರಿಗಳಿವೆ.

ಕುರಿಂಜಾಲು: ಟೌನ್‌ಶಿಪ್‌ನಿಂದ ಕಾರ್ಕಳದ ಕಡೆ ಹೋಗುವಾಗ ಭಗವತಿ ಪ್ರಕೃತಿ ಶಿಬಿರದ ಹತ್ತಿರದಿಂದ ಹೊರಡುವ ದಾರಿ. ಬಹಳಷ್ಟು ದೂರ ಹಳೆಯ ಜೀಪ್ ರಸ್ತೆಯಲ್ಲೇ ಸಾಗುತ್ತದೆ, ಎರಡೂ ಕಡೆ ದಟ್ಟ ಕಾಡು. ಸಿಂಗಳೀಕ, ಮಂಗಟ್ಟೆ ಹಕ್ಕಿ ನೋಡಬೇಕು ಅನ್ನುವವರಿಗೆ ಶಿಖರಕ್ಕಿಂತ ಇದೇ ವಾಸಿ. ಏರು ಇರುವುದು ಕೊನೆಯಲ್ಲಿ ಮಾತ್ರ. ಮೊದಲ ಸಲ ಚಾರಣಕ್ಕೆ ಬರುವವರನ್ನು, ಹತ್ತು ಹನ್ನೆರಡು ವಯಸ್ಸಿನ ಮಕ್ಕಳನ್ನು ನಾನು ಇಲ್ಲಿಗೇ ಕಳಿಸುವುದು.

ಗಂಗಡಿಕಲ್ಲು: ದೂರ ಕಡಿಮೆ, ಏರು ಜಾಸ್ತಿ. ಹುಲ್ಲಿನ ಬೋಳು ಗುಡ್ಡ. ಮೇಲಿನಿಂದ ಲಖ್ಯಾ ಅಣೆಕಟ್ಟು, ಹಳೆಯ ಗಣಿಯ ಗಾಯ ಎರಡೂ ಕಾಣುತ್ತವೆ. ನೆರಳಿಲ್ಲ, ಟೋಪಿ ಬೇಕು.

ನೇತ್ರಾವತಿ ಶಿಖರ: ಇದೂ ಸಂಸೆ ಕಡೆಯಿಂದಲೇ. ಇತ್ತೀಚೆಗೆ ಕುದುರೆಮುಖದಷ್ಟೇ ಜನ ಇಲ್ಲಿಗೂ ಬರುತ್ತಿದ್ದಾರೆ. ಹಾಗಾಗಿ ಇಲ್ಲಿಗೂ ಬುಕಿಂಗ್, ಇಲ್ಲಿಗೂ ಮಿತಿ.

ನರಸಿಂಹ ಪರ್ವತ: ಉದ್ಯಾನದ ಉತ್ತರ ತುದಿ, 1,152 ಮೀಟರ್. ಶೃಂಗೇರಿ ಹತ್ತಿರದ ಕಿಗ್ಗದಿಂದ ಒಂದು ದಾರಿ, ಆಗುಂಬೆಯ ಮಲ್ಲಂದೂರಿನಿಂದ ಇನ್ನೊಂದು. ಕಿಗ್ಗದ ದಾರಿ ಸುಲಭ. ಮಲ್ಲಂದೂರಿನ ದಾರಿ ಬರ್ಕಣ ಜಲಪಾತದ ಕಡೆಯ ದಟ್ಟ ಮಳೆಕಾಡಿನಲ್ಲಿ ಸಾಗುತ್ತದೆ, ಉದ್ದವೂ ಜಾಸ್ತಿ. ಎಲ್ಲರೂ ಕುದುರೆಮುಖ ಕುದುರೆಮುಖ ಅನ್ನುವುದರಿಂದ ಈ ಗುಡ್ಡ ಇನ್ನೂ ಸ್ವಲ್ಪ ನೆಮ್ಮದಿಯಾಗಿದೆ.

ಬೆಟ್ಟದ ಮೇಲೆ ಮರಗಳೇ ಇಲ್ಲವಲ್ಲ, ಕಡಿದುಬಿಟ್ಟರಾ?

ಇಲ್ಲ. ಇದು ಬಹಳ ಜನ ಕೇಳುವ ಪ್ರಶ್ನೆ, ನನಗೆ ಇಷ್ಟದ ಪ್ರಶ್ನೆಯೂ ಹೌದು.

ಎತ್ತರದ ಗುಡ್ಡಗಳ ನೆತ್ತಿ, ಏಣುಗಳಲ್ಲಿ ಹುಲ್ಲು. ಎರಡು ಗುಡ್ಡಗಳ ನಡುವಿನ ಮಡಿಕೆಗಳಲ್ಲಿ, ಗಾಳಿ ತಾಗದ, ಮಣ್ಣು ಆಳವಾಗಿರುವ ಕಡೆ ಮಾತ್ರ ಗಿಡ್ಡ ಗಿಡ್ಡ ಮರಗಳ ದಟ್ಟ ಕಾಡು. ಇದಕ್ಕೆ ಶೋಲಾ ಕಾಡು ಅನ್ನುತ್ತಾರೆ. ಪಶ್ಚಿಮ ಘಟ್ಟದ ಎತ್ತರದ ಜಾಗಗಳಲ್ಲಿ ಕಾಡು ಇರುವುದೇ ಹೀಗೆ. ಗಾಳಿ, ತೆಳು ಮಣ್ಣು, ಒಣ ತಿಂಗಳುಗಳ ಬೆಂಕಿ ಎಲ್ಲ ಸೇರಿ ನೆತ್ತಿಯ ಮೇಲೆ ಮರ ಏಳಲು ಬಿಡುವುದಿಲ್ಲ.

ಒಮ್ಮೆ ಹುಲ್ಲಿನಿಂದ ಶೋಲಾದ ಒಳಗೆ ಕಾಲಿಡಿ. ಎರಡೇ ಹೆಜ್ಜೆಗೆ ಗಾಳಿಯ ಸದ್ದು ನಿಲ್ಲುತ್ತದೆ. ಕಾಂಡಗಳ ಮೇಲೆಲ್ಲ ಪಾಚಿ, ಪಾಚಿಯ ಮೇಲೆ ಸಣ್ಣ ಸೀತಾಳೆ ಗಿಡ, ಎಲೆಯ ತುದಿಯಲ್ಲಿ ನಿಂತ ಹನಿ. ಹೊರಗೆ ಮಳೆ ನಿಂತು ಅರ್ಧ ಗಂಟೆಯಾದರೂ ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಕೆಳಗೆ ಕಪ್ಪು ಮೆತ್ತನೆ ಮಣ್ಣು, ಕೈಯಿಂದ ಹಿಂಡಿದರೆ ನೀರು ಬರುತ್ತದೆ. ಹುಲ್ಲಿನ ಬೇರು, ಶೋಲಾದ ಮಣ್ಣು ಎರಡೂ ಸೇರಿ ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ನಿಧಾನವಾಗಿ ಬಿಡುತ್ತವೆ. ‘ಇಲ್ಲಿ ಗಿಡ ನೆಡೋಣ’ ಅಂತ ಒಳ್ಳೆಯ ಮನಸ್ಸಿನಿಂದ ಬೀಜದುಂಡೆ ತರುವವರಿದ್ದಾರೆ. ದಯವಿಟ್ಟು ಬೇಡ. ಹುಲ್ಲುಗಾವಲು ಅಂದರೆ ಖಾಲಿ ಬಿದ್ದ ಜಾಗ ಅಲ್ಲ.

ಮೂರು ನದಿ ಹುಟ್ಟುವ ಜಾಗ ಇಲ್ಲೇ ಅಲ್ವಾ? ನೋಡಬಹುದಾ?

ಗಂಗಾಮೂಲ. ವರಾಹ ಪರ್ವತದ ಸಾಲಿನಲ್ಲಿದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇಲ್ಲೇ ಹುಟ್ಟುತ್ತವೆ ಅನ್ನುವುದು ನಂಬಿಕೆ. ತುಂಗೆ ಶೃಂಗೇರಿ ದಾಟಿ, ಭದ್ರೆ ಕಳಸ, ಬಾಳೆಹೊನ್ನೂರು ದಾಟಿ, ಎರಡೂ ಶಿವಮೊಗ್ಗ ಹತ್ತಿರದ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ. ನೇತ್ರಾವತಿ ಮಾತ್ರ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅಂದರೆ ಒಂದೇ ಏಣಿನ ಆ ಕಡೆ ಬಿದ್ದ ಹನಿಗೂ ಈ ಕಡೆ ಬಿದ್ದ ಹನಿಗೂ ಬೇರೆ ಬೇರೆ ಸಮುದ್ರ.

ಆದರೆ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಒಳಗೆ ನಡೆದುಬಿಡುವ ಜಾಗ ಅದಲ್ಲ. ಉದ್ಯಾನದ ಒಳಭಾಗ, ಇಲಾಖೆಯ ಅನುಮತಿ ಬೇಕು. ನದಿ ನೋಡಲೇಬೇಕು ಅಂದರೆ ಕಳಸದಲ್ಲಿ ಭದ್ರೆಯನ್ನು ನೋಡಿ, ಅಲ್ಲಿನ್ನೂ ಎಳೆಯ ಹೊಳೆ.

ಆ ದೊಡ್ಡ ಗಣಿ ಏನಾಯಿತು?

ಇಲ್ಲಿ ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಅದಿರು ಇದೆ ಅಂತ 1913ರಲ್ಲೇ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದರು. ಗಣಿ ಬಂದದ್ದು ಬಹಳ ತಡವಾಗಿ. ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಶುರುವಾಯಿತು. ಹಣ ಹಾಕಲು ಒಪ್ಪಿದ್ದು, ಅದಿರು ಕೊಳ್ಳಲು ಒಪ್ಪಿದ್ದು ಇರಾನ್. ಮಲೆನಾಡಿನ ಮೂಲೆಯಲ್ಲಿ ಟೌನ್‌ಶಿಪ್, ಶಾಲೆ, ಆಸ್ಪತ್ರೆ ಎಲ್ಲ ಎದ್ದವು. ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಅಲ್ಲಿನ ದೊರೆ ಷಾ ದೇಶ ಬಿಟ್ಟರು, ಒಪ್ಪಂದ ಮುರಿಯಿತು. ಕಂಪನಿ ಬೇರೆ ದೇಶಗಳನ್ನು ಹುಡುಕಿಕೊಂಡಿತು.

ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ನಿಲ್ಲಿಸಲು ಕಟ್ಟಿದ್ದೇ ಲಖ್ಯಾ ಅಣೆಕಟ್ಟು, ಸುಮಾರು 100 ಮೀಟರ್ ಎತ್ತರ. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತದೆ ಅನ್ನುವ ದೂರು ವರ್ಷಗಟ್ಟಲೆ ನಡೆಯಿತು. ಪರಿಸರ ಹೋರಾಟಗಾರರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಆಮೇಲಿನ ಟೌನ್‌ಶಿಪ್ ನೋಡಿದರೆ ಒಂದು ಥರ ಸಂಕಟವಾಗುತ್ತದೆ. ಕಾಡು ಉಳಿಯಿತು ಅಂತ ಸಂತೋಷ ಪಡುವವರಲ್ಲಿ ನಾನೂ ಒಬ್ಬ. ಆದರೂ ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಊರು ಅಲ್ವಾ? ಅವರು ಈಗಲೂ ಬಂದು ತಮ್ಮ ಹಳೆಯ ಕ್ವಾರ್ಟರ್ಸ್ ನಂಬರ್ ಹುಡುಕುತ್ತಾರೆ. ಬಾಗಿಲಿಲ್ಲದ ಮನೆಗಳ ಒಳಗೆ ನುಗ್ಗಿ ‘ಭೂತದ ಊರು’ ಅಂತ ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಛಾವಣಿ ಕುಸಿಯುವ ಅಪಾಯವೂ ಇದೆ. ಲಖ್ಯಾ ಅಣೆಕಟ್ಟಿಗೂ ಬೇಕಾದ ಹಾಗೆ ಹೋಗಲು ಬಿಡುವುದಿಲ್ಲ ಅಂತ ಲೆಕ್ಕ ಹಾಕಿಕೊಂಡೇ ಬನ್ನಿ.

ಉಂಬಳಕ್ಕೆ ಏನು ಮಾಡುವುದು?

ಮೊದಲು ಹೆದರುವುದು ಬಿಡಿ. ಸ್ವಲ್ಪ ಹೊತ್ತು ಬಗ್ಗಿ ನೋಡಿ: ಒದ್ದೆ ಎಲೆಯ ಮೇಲೆ ಹಿಂದಿನ ತುದಿ ಅಂಟಿಸಿಕೊಂಡು, ಮುಂದಿನ ತುದಿ ಎತ್ತಿ, ಗಾಳಿಯಲ್ಲಿ ಆ ಕಡೆ ಈ ಕಡೆ ತಡಕಾಡುತ್ತಿರುತ್ತದೆ. ನಿಮ್ಮ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ಅದಕ್ಕೆ ಗೊತ್ತಾಗುತ್ತದೆ. ನಿಂತರೆ ಹತ್ತುತ್ತದೆ, ನಡೆಯುತ್ತಿದ್ದರೆ ಕಡಿಮೆ. ಹಾಗಾಗಿ ಕಾಡಿನ ಭಾಗದಲ್ಲಿ ಕೂತು ಹರಟೆ ಹೊಡೆಯಬೇಡಿ. ಒಂಟಿಮರದ ಬಯಲಿನಲ್ಲಿ ಬೇಕಾದರೆ ಕೂರಿ.

ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದ ಒಳಗೆ ತುರುಕಿ. ಉಂಬಳಕ್ಕೆ ಅಂತಲೇ ಒತ್ತು ನೇಯ್ಗೆಯ ಕಾಲುಚೀಲ ಸಿಗುತ್ತದೆ. ಊರಿನವರು ಕಾಲಿಗೆ ಬೇವಿನೆಣ್ಣೆಗೆ ಹೊಗೆಸೊಪ್ಪಿನ ಪುಡಿ ಕಲಸಿ ಹಚ್ಚುತ್ತಾರೆ. ಮಳೆಯಲ್ಲಿ ಅದು ತೊಳೆದು ಹೋಗುತ್ತದೆ, ಮತ್ತೆ ಹಚ್ಚಬೇಕು. ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಬೆಂಕಿಕಡ್ಡಿ ಅಂತೂ ಬೇಡವೇ ಬೇಡ. ಬಾಯಿ ಇರುವ ಸಣ್ಣ ತುದಿಯ ಅಡಿಗೆ ಉಗುರು ಜಾರಿಸಿ ಬಿಡಿಸಿ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸುರಿಯುತ್ತದೆ. ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆಗಾಲದಲ್ಲಿ ಬರುವ ಮೊದಲು ಡಾಕ್ಟರನ್ನು ಕೇಳಿ.

ಹುಲಿ ಕಾಣುತ್ತದಾ?

ಹುಲಿ, ಚಿರತೆ, ಸೀಳುನಾಯಿ, ಕರಡಿ ಎಲ್ಲ ಇವೆ. ನೀವು ನೋಡುವ ಸಾಧ್ಯತೆ ತೀರಾ ಕಡಿಮೆ. ಇದು ಸಫಾರಿ ಜೀಪಿನಲ್ಲಿ ಕೂತು ನೋಡುವ ಬಂಡೀಪುರ, ನಾಗರಹೊಳೆ ಥರದ ಕಾಡಲ್ಲ. ಹುಲ್ಲಿನ ಇಳಿಜಾರಿನಲ್ಲಿ ದೂರದಲ್ಲಿ ಕಾಟಿಯ ಹಿಂಡು, ಸಂಜೆ ಹೊತ್ತು ಕಡವೆ ಕಾಣಬಹುದು. ಕಾಟಿ ಎದುರಾದರೆ ಫೋಟೋಗೆ ಹತ್ತಿರ ಹೋಗಬೇಡಿ, ನಿಧಾನವಾಗಿ ಹಿಂದೆ ಸರಿಯಿರಿ.

ಈ ಕಾಡಿನ ನಿಜವಾದ ಒಡೆಯ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. ಈ ಕಾಡು ರಾಷ್ಟ್ರೀಯ ಉದ್ಯಾನವಾಗಲು ಆ ಕೆಲಸವೂ ಒಂದು ಕಾರಣ. ಮರದ ತುದಿಯಲ್ಲೇ ಬದುಕುವ ಪ್ರಾಣಿ ಇದು. ಬಿಸ್ಕತ್ತಿನ ಆಸೆಗೆ ಆಗುಂಬೆ ಘಾಟಿಯಲ್ಲಿ ರಸ್ತೆಗೆ ಇಳಿದು ಗಾಡಿಗೆ ಸಿಕ್ಕಿ ಸಾಯುತ್ತಿದೆ. ಚಿಪ್ಸ್ ಪ್ಯಾಕೆಟ್ ಚೀಲದಲ್ಲೇ ಇರಲಿ.

ಬೆಳಗಿನ ಹೊತ್ತು ಹಳ್ಳದ ಪಕ್ಕ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕಿದ ಹಾಗೆ ಕೇಳಿಸಿದರೆ ಸುತ್ತ ಹುಡುಕಬೇಡಿ. ಅದು ಕಡುನೀಲಿ ಬಣ್ಣದ ಒಂದು ಹಕ್ಕಿ.

ಯಾವ ಜಲಪಾತ ನೋಡಬೇಕು?

ಹನುಮನಗುಂಡಿ. ಸೂತನಬ್ಬಿ ಅಂತಲೂ ಕರೆಯುತ್ತಾರೆ. ಕುದುರೆಮುಖ–ಕಾರ್ಕಳ ರಸ್ತೆಯಲ್ಲಿ ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಇಳಿಯಬೇಕು. ಸುಮಾರು 100 ಅಡಿಯಿಂದ ನೀರು ಬಂಡೆಯ ಮೇಲೆ ಹರಡಿಕೊಂಡು ಬೀಳುತ್ತದೆ. ಇಳಿದಷ್ಟೇ ಹತ್ತಬೇಕು, ವಯಸ್ಸಾದವರನ್ನು ಕರೆದುಕೊಂಡು ಬಂದವರು ಯೋಚಿಸಿ. ಮಳೆ ಜೋರಿದ್ದಾಗ ಇಳಿಯಲು ಬಿಡುವುದಿಲ್ಲ.

ಕಡಾಂಬಿ ರಸ್ತೆ ಬದಿಗೇ ಇದೆ, ಕಾರಿನಿಂದಲೇ ಕಾಣುತ್ತದೆ. ಬಂಡೆ ಹತ್ತಲು ಹೋಗಿ ಜಾರುವವರು ಪ್ರತಿ ವರ್ಷ ಇರುತ್ತಾರೆ. ಕಿಗ್ಗದ ಹತ್ತಿರದ ಸಿರಿಮನೆ ಮಕ್ಕಳಿರುವ ಮನೆಯವರಿಗೆ ಒಳ್ಳೆಯದು.

ಉದ್ಯಾನದ ಒಳಗಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಹುದಾ?

ಇಲ್ಲ. ಮಾಳದ ಕಡೆಯಿಂದ ಬಂದರೂ ತನಿಕೋಡಿನ ಕಡೆಯಿಂದ ಬಂದರೂ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಆ ತುದಿಯಲ್ಲಿ ಅದನ್ನು ತೋರಿಸಬೇಕು. ಲೆಕ್ಕಕ್ಕಿಂತ ತಡವಾದರೆ ‘ಎಲ್ಲಿ ನಿಲ್ಲಿಸಿದ್ದಿರಿ’ ಅಂತ ಕೇಳುತ್ತಾರೆ, ದಂಡ ಬೀಳಬಹುದು. ತೀರಾ ಬೇಗ ಹೋದರೂ ಕೇಳುತ್ತಾರೆ, ವೇಗ ಜಾಸ್ತಿ ಅಂತ. ಶೃಂಗೇರಿ, ಕಾರ್ಕಳ, ಕುದುರೆಮುಖ ರಸ್ತೆಗಳು ಸೇರುವ ಜಾಗಕ್ಕೆ ಎಸ್.ಕೆ. ಬಾರ್ಡರ್ ಅನ್ನುತ್ತಾರೆ. ಅಲ್ಲಿ ತಿರುವು ತಪ್ಪಿಸಿಕೊಳ್ಳಬೇಡಿ. ರಾತ್ರಿ ಈ ರಸ್ತೆ ಬೇಡ. ಮಂಜು, ತಿರುವು, ಪ್ರಾಣಿ ಮೂರೂ ಇರುತ್ತವೆ.

ಬಸ್ಸಿನಲ್ಲಿ ಬರಬಹುದಾ?

ಬರಬಹುದು. ಬೆಂಗಳೂರಿನಿಂದ ಹೊರನಾಡಿಗೆ, ಕಳಸಕ್ಕೆ ರಾತ್ರಿ ಬಸ್ ಇವೆ, ಬೆಳಿಗ್ಗೆ ತಲುಪುತ್ತವೆ. ಕಳಸದಿಂದ ಸಂಸೆಗೆ ಲೋಕಲ್ ಬಸ್ಸು, ಆಟೋ, ಜೀಪು. ಅದೇ ದಿನ ಬಸ್ಸಿಳಿದು ನಿದ್ದೆಗಣ್ಣಿನಲ್ಲಿ ಶಿಖರ ಹತ್ತುವ ಪ್ಲಾನ್ ಮಾತ್ರ ಬೇಡ. ಒಂದು ರಾತ್ರಿ ಉಳಿದು ಹತ್ತಿ.

ಕಾರಿನವರು ಕಳಸದಲ್ಲೋ ಕಾರ್ಕಳದಲ್ಲೋ ಪೆಟ್ರೋಲ್ ತುಂಬಿಸಿಕೊಳ್ಳಿ.

ಟೆಂಟ್ ಹಾಕಬಹುದಾ? ಎಲ್ಲಿ ಉಳಿಯುವುದು?

ಬೆಟ್ಟದ ಮೇಲೆ ಟೆಂಟ್, ಬೆಂಕಿ, ರಾತ್ರಿ ವಾಸ್ತವ್ಯ ಯಾವುದೂ ಇಲ್ಲ. ಸಂಸೆ, ಬಾಳೆಗಲ್, ಮುಳ್ಳೋಡಿ, ಕಳಸದಲ್ಲಿ ಬೇಕಾದಷ್ಟು ಹೋಂಸ್ಟೇಗಳಿವೆ. ಮುಳ್ಳೋಡಿಯಲ್ಲಿ ಉಳಿದರೆ ಬೆಳಿಗ್ಗೆ ಜೀಪಿನ ಕಾಟ ತಪ್ಪುತ್ತದೆ. ಬಿಸಿನೀರು, ಮಧ್ಯಾಹ್ನದ ಬುತ್ತಿ ಇದೆಯಾ ಅಂತ ಮೊದಲೇ ಕೇಳಿ. ‘ಡಿಜೆ, ಕ್ಯಾಂಪ್‌ಫೈರ್’ ಅಂತ ಜಾಹೀರಾತು ಹಾಕುವ ಕಡೆ ನಾನು ಯಾರನ್ನೂ ಕಳಿಸುವುದಿಲ್ಲ.

ಚಾರಣ ಮಾಡದ ಅಮ್ಮ, ಅತ್ತೆ ಜೊತೆಗಿದ್ದಾರೆ. ಅವರು ಏನು ನೋಡಬಹುದು?

ಕಳಸದ ಕಳಸೇಶ್ವರ ದೇವಸ್ಥಾನ, ಅಲ್ಲಿಂದ ಭದ್ರೆ ದಾಟಿ ಹೊರನಾಡಿನ ಅನ್ನಪೂರ್ಣೇಶ್ವರಿ. ಹೊರನಾಡಿನಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ, ಊಟ ಮಾಡದೆ ಬರಬೇಡಿ. ಕಳಸದ ಹತ್ತಿರ ಭದ್ರೆಯ ದಡದಲ್ಲಿ ಅಂಬಾತೀರ್ಥ ಅನ್ನುವ ಜಾಗ ಇದೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅನ್ನುವ ದೊಡ್ಡ ಬಂಡೆ, ಅದರ ಮೇಲೆ ಶಾಸನ. ಬಂಡೆಗಳ ನಡುವೆ ಹೊಳೆ ನುಗ್ಗುವುದನ್ನು ದಡದಲ್ಲಿ ಕೂತೇ ನೋಡಿ, ಇಳಿಯಬೇಡಿ, ಸುಳಿ ಇದೆ.

ಶೃಂಗೇರಿ ಕಡೆ ಹೋದರೆ ಕಿಗ್ಗದ ಋಷ್ಯಶೃಂಗೇಶ್ವರ. ನಾಡಿನಲ್ಲಿ ಮಳೆ ಕೈಕೊಟ್ಟಾಗ ಪರ್ಜನ್ಯ ಜಪ ಮಾಡಿಸುವುದು ಇಲ್ಲೇ.

ಗಡಾಯಿಕಲ್ಲು ಇದೇ ಉದ್ಯಾನಕ್ಕೆ ಸೇರಿದ್ದಾ?

ಇಲಾಖೆಯ ಲೆಕ್ಕದಲ್ಲಿ ಕುದುರೆಮುಖ ವನ್ಯಜೀವಿ ವಿಭಾಗಕ್ಕೇ ಸೇರುತ್ತದೆ. ಬೆಳ್ತಂಗಡಿ ಹತ್ತಿರ ಒಂದೇ ಬಂಡೆಯ ಗುಡ್ಡ. 1794ರಲ್ಲಿ ಟಿಪ್ಪು ಇದರ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಅಂದ. ಹತ್ತಲು ಇರುವುದು ಬಂಡೆಯಲ್ಲಿ ಕೊರೆದ ಒಂದೇ ಕಿರಿದಾದ ದಾರಿ, 1,800ಕ್ಕೂ ಜಾಸ್ತಿ ಮೆಟ್ಟಿಲು. ಮಳೆಗಾಲದಲ್ಲಿ ಇತ್ತ ಬರಬೇಡಿ, ಕಲ್ಲು ಜಾರುತ್ತದೆ.

ಕಾಡಿನ ಒಳಗೆ ಜನ ಇದ್ದಾರಾ?

ಇದ್ದಾರೆ. ಮಲೆಕುಡಿಯರು, ಗೌಡಲು ಸಮುದಾಯದವರು, ಸಣ್ಣ ಅಡಿಕೆ, ಕಾಫಿ ತೋಟದವರು. ಉದ್ಯಾನ ಘೋಷಣೆಯಾಗುವ ಎಷ್ಟೋ ಮೊದಲಿನಿಂದ ಇರುವವರು. ಕೆಲವರು ಪರಿಹಾರ ಪಡೆದು ಹೊರಗೆ ಹೋದರು, ಕೆಲವರು ಉಳಿದರು. ದಾರಿಯಲ್ಲಿ ಸಿಗುವ ಮನೆಯ ಅಂಗಳ ನಿಮ್ಮ ವಿಶ್ರಾಂತಿ ಕೋಣೆ ಅಲ್ಲ. ನೀರು ಬೇಕಾದರೆ ಕೂಗಿ ಕೇಳಿ, ಇಲ್ಲ ಅನ್ನುವವರು ಕಡಿಮೆ. ತೋಟದ ಕಿತ್ತಳೆ ಕೀಳಬೇಡಿ.

ಚೀಲದಲ್ಲಿ ಏನಿರಬೇಕು?

ಹಿಡಿತ ಚೆನ್ನಾಗಿರುವ ಬೂಟು, ಅದೇ ಮುಖ್ಯ. ಮಳೆಗಾಲಕ್ಕೆ ಪೋಂಚೋ, ಒಂದು ಜೊತೆ ಒಣ ಬಟ್ಟೆ, ಎರಡು ಲೀಟರ್ ನೀರು, ಊಟ, ಟಾರ್ಚು, ನಿಮ್ಮ ಮಾತ್ರೆಗಳು. ನೀರು ಸ್ಟೀಲ್ ಬಾಟಲಿಯಲ್ಲಿರಲಿ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಗೇಟಿನಲ್ಲೇ ತಡೆಯುತ್ತಾರೆ. ಜೀನ್ಸ್ ಬೇಡ. ಒದ್ದೆಯಾದ ಜೀನ್ಸಿನಲ್ಲಿ 20 ಕಿಲೋಮೀಟರ್ ನಡೆದವರ ತೊಡೆಯನ್ನು ಕೇಳಿ, ಹೇಳುತ್ತದೆ.

ಮೊಬೈಲ್ ಸಿಗ್ನಲ್?

ಕಳಸದಲ್ಲಿ ಸಿಗುತ್ತದೆ, ಮುಂದೆ ನಂಬಬೇಡಿ. ಟಿಕೆಟ್, ಮ್ಯಾಪು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಜೀಪಿನವರಿಗೆ ಕೊಡಲು ನಗದು ಇಟ್ಟುಕೊಳ್ಳಿ.

ಡ್ರೋನ್, ನಾಯಿ, ಮದ್ಯ, ಸ್ಪೀಕರ್?

ನಾಲ್ಕೂ ಇಲ್ಲ.

ಮಳೆ ಜಾಸ್ತಿಯಾಗಿ ಚಾರಣ ರದ್ದಾದರೆ?

ಆಗುತ್ತದೆ. ರೆಡ್ ಅಲರ್ಟ್ ಬಂದರೆ ಹಿಂದಿನ ದಿನವೇ ಮುಚ್ಚಿಬಿಡುತ್ತಾರೆ. ಹೊರಡುವ ಮುನ್ನ ಹೋಂಸ್ಟೇಯವರಿಗೆ ಒಂದು ಫೋನ್ ಮಾಡಿ, ಅವರಿಗೆ ಗೇಟಿನ ಸುದ್ದಿ ಬೇಗ ಗೊತ್ತಾಗುತ್ತದೆ. ಅಷ್ಟರಲ್ಲಿ ನೀವು ಸಂಸೆಗೆ ಬಂದುಬಿಟ್ಟಿದ್ದರೆ ಆ ದಿನ ಕಳಸ, ಹೊರನಾಡು ನೋಡಿ. ರದ್ದಾದ ಸಂದೇಶ ಬಂದಿದ್ದರೆ ಅಳಿಸಬೇಡಿ, ಹಣ ವಾಪಸ್ ಕೇಳುವಾಗ ಬೇಕಾಗುತ್ತದೆ.